ಮಾವನ ಮಾವಿನ ವೈದ್ಯ

ಮಾವನಿಗೂ ಮಾವಿಗೂ ಬರವಣಿಗೆಯಲ್ಲಿ ಇರುವುದು ಒಂದೇ ಒಂದು ಕೊಂಬಿನ ವ್ಯತ್ಯಾಸ. ಬೇಸಗೆ ಬಂದು ಮೊದಲ ಹಣ್ಣು ಹುಲ್ಲಿನ ಅಡೆಯಿಂದ ಈಚೆಗೆ ಬಂತೆಂದರೆ ನನ್ನ ಸೋದರಮಾವನಿಗೆ ಆ ಕೊಂಬೂ ಬಂದುಬಿಡುತ್ತಿತ್ತು! ವರ್ಷದ ಉಳಿದ ದಿನಗಳಲ್ಲಿ ಅವರು ಸೂಲಿಬೆಲೆ ಪಕ್ಕದ ತಮ್ಮ ಹಳ್ಳಿಯಲ್ಲಿ ರಾಗಿ, ಹಿಪ್ಪುನೇರಳೆ, ಎರಡು ಸೀಮೆಹಸು ಎಂದುಕೊಂಡು ತಗ್ಗಿಬಗ್ಗಿ ಇರುತ್ತಿದ್ದವರು. ಮಾವಿನ ಕಾಲದಲ್ಲಿ ಮಾತ್ರ ಡಾಕ್ಟರು. ಎದುರಿಗೆ ಸಿಕ್ಕವರನ್ನು 'ಊಟ ಆಯ್ತಾ' ಎಂದು ಕೇಳುವುದು ನಮ್ಮ ಕಡೆಯ ಮರ್ಯಾದೆ. ಅವರು ಆ ಮರ್ಯಾದೆಯನ್ನು ಪಕ್ಕಕ್ಕಿಟ್ಟು 'ಹೊಟ್ಟೆ ಸಲೀಸಾಗಿ ಹೋಗ್ತೈತಾ' ಎಂದು ಕೇಳುತ್ತಿದ್ದರು. ಹೆಂಗಸು ಗಂಡಸು ಎಂಬ ಭೇದವಿಲ್ಲ, ಬಸ್ ಸ್ಟ್ಯಾಂಡು ದೇವಸ್ಥಾನ ಎಂಬ ಭೇದವೂ ಇಲ್ಲ. ಹೋಗುತ್ತೆ ಅಂದವರಿಗೂ ಒಂದು ಹಣ್ಣು, ಇಲ್ಲ ಅಂದವರಿಗೂ ಒಂದು ಹಣ್ಣು. ಹಣ್ಣು ಮಾತ್ರ ಬೇರೆ ಬೇರೆ.

ಅವರ ವೈದ್ಯಕ್ಕೆ ಒಂದು ಶಾಸ್ತ್ರವಿತ್ತು. ಆ ಶಾಸ್ತ್ರದ ಸೂತ್ರ ಇಷ್ಟೇ: ಹಣ್ಣಿನ ಗುಣ ಹಣ್ಣಿನ ಹೆಸರಿನಲ್ಲೇ ಇದೆ.

"ಹಿಂದಿನೋರು ಹೆಸರ ಸುಮ್ಕೆ ಇಕ್ತಾರೇನಮ್ಮ?" ಎನ್ನುತ್ತಿದ್ದರು.

ರಸಪುರಿ ಅಂದರೆ ಮೈಯಲ್ಲಿ ರಸ ಪೂರೈಸುವ ಹಣ್ಣು. ಆದ್ದರಿಂದ ಅದು ಬಾಣಂತಿಗೆ, ಜ್ವರ ಬಿಟ್ಟವರಿಗೆ, ರಕ್ತ ಕಡಿಮೆಯಾದವರಿಗೆ. ಸೇಂದೂರ, ಬಿಳಿಚಿಕೊಂಡ ಮುಖಕ್ಕೆ. ಬಾದಾಮಿ, ಬುದ್ಧಿಗೆ. ಗಿಣಿಮೂತಿ, ಬಾಯಿ ಬಿಟ್ಟು ಮಾತಾಡದವರಿಗೆ. ನೀಲಂ ಮಾತ್ರ ಅವರಿಗೆ ದೊಡ್ಡ ತಲೆನೋವಾಗಿತ್ತು. ಆ ಹೆಸರನ್ನು ಎಷ್ಟು ಹಿಂಡಿದರೂ ಒಂದು ಕಾಯಿಲೆಯೂ ಹೊರಡಲಿಲ್ಲ. "ಅದ್ಕೇ ಅದರ ವಾಟೇಲಿ ಹುಳ ಬೀಳೋದು. ಕೆಲ್ಸ ಇಲ್ದೋರ ತಲೇಲಿ ಹುಳ ಓಡಾಡಲ್ವಾ, ಹಂಗೇ" ಎಂದು ಕೊನೆಗೆ ತೀರ್ಪು ಕೊಟ್ಟರು. ಮಲ್ಲಿಕಾ ಎಂಬ ಹೊಸ ಕಸಿ ಆಗ ತಾನೇ ನಮ್ಮ ಕಡೆಯ ನರ್ಸರಿಗಳಿಗೆ ಬಂದಿತ್ತು. ಅದರ ಮೇಲಂತೂ ಅವರಿಗೆ ಸಿಟ್ಟು. "ಹಣ್ಣಿಗೆ ಹುಡ್ಗಿ ಹೆಸರ ಇಕ್ಕವ್ರೆ. ಯಾವ ಕಾಯಿಲೇಗೆ ಅಂತ ಕೊಡ್ಲಿ ನಾನು?"

ತೊಂಬತ್ತರ ಆಸುಪಾಸಿನ ಒಂದು ವರ್ಷ ಮಾವನ ಮುಖ್ಯ ರೋಗಿ ನನ್ನ ಅಮ್ಮ, ಅಂದರೆ ಅವರ ಒಬ್ಬಳೇ ತಂಗಿ. ಆ ಯುಗಾದಿಗೆ ಮೊದಲು ಅಪ್ಪ ತೀರಿಕೊಂಡಿದ್ದರು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಒಂದು ದಿನ ಕೆಲಸದ ನಡುವೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹೊಸಕೋಟೆಯ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ಪಿಯುಸಿ ಓದುತ್ತಿದ್ದ ನಾನು, ಇಬ್ಬರೇ ಉಳಿದೆವು. ಅಮ್ಮ ಅತ್ತಿದ್ದು ಕಡಿಮೆ. ಆದರೆ ಅಂದಿನಿಂದ ಅವಳ ನಿದ್ದೆ ಹಾರಿಹೋಯಿತು. ಸಂಜೆಯ ಕೆಲಸ ಮುಗಿಸಿ ಮುಂದಿನ ಕೋಣೆಯ ಗೋಡೆಗೆ ಒರಗಿ ಕೂತರೆ ಬೆಳಿಗ್ಗೆಯವರೆಗೂ ಹಾಗೆಯೇ. ಹಗಲಲ್ಲಾದರೂ ಮಲಗು ಅಂದರೆ ಕೆಲಸವಿದೆ ಎನ್ನುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತು, ಅನ್ನಕ್ಕೆ ಇಟ್ಟ ಎಸರನ್ನು ಮರೆಯುವಳು, ಒಮ್ಮೆ ಬಾವಿಕಟ್ಟೆಯ ಹತ್ತಿರ ತಲೆ ತಿರುಗಿ ಬಿದ್ದಳು. ಅವಳನ್ನೂ ಕಳೆದುಕೊಳ್ಳುತ್ತೇನೆ ಎಂದು ನನಗೆ ಭಯವಾಗುತ್ತಿತ್ತು.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಾವನೂ ಜೊತೆಗೆ ಬಂದರು, ಕೈಚೀಲದ ಸಮೇತ. ಡಾಕ್ಟರು ಅಮ್ಮನ ರೆಪ್ಪೆ ಎಳೆದು ನೋಡಿ ನಿದ್ದೆ ಗುಳಿಗೆ ಬರೆಯುತ್ತಿದ್ದಾಗ ಮಾವ ತಡೆಯಲಾರದೆ ಕೇಳಿಯೇಬಿಟ್ಟರು.

"ಸಾ, ಮಾವಿನಣ್ಣು ಕೊಡ್ಬೌದಾ?"

ಡಾಕ್ಟರು ಒಳ್ಳೆಯವರು. "ಧಾರಾಳವಾಗಿ ಕೊಡಿ. ಎ ವಿಟಮಿನ್ ಇರುತ್ತೆ, ಕಣ್ಣಿಗೆ ಒಳ್ಳೇದು. ನಾರಿರುತ್ತೆ, ಹೊಟ್ಟೆ ಸರಿಯಾಗಿ ಹೋಗುತ್ತೆ. ಸಕ್ಕರೆ ಕಾಯಿಲೆ ಇರೋರು ಮಾತ್ರ ನೋಡ್ಕೊಂಡು ತಿನ್ಬೇಕು" ಅಂದರು.

"ಅದನ್ನೇ ನಾನೂ ಹೇಳೋದು" ಅಂದರು ಮಾವ, ಜೀವಮಾನದಲ್ಲಿ ವಿಟಮಿನ್ ಎಂಬ ಮಾತನ್ನು ಒಮ್ಮೆಯೂ ಎತ್ತದವರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಓದಿರೋರು ಕಣಮ್ಮ, ಆದ್ರೆ ಯಾವ ಹಣ್ಣು ಅಂತ ಹೇಳ್ಲಿಲ್ಲ ನೋಡು. ಅಲ್ಲೇ ಇರೋದು ವಿದ್ಯೆ" ಎಂದರು. ಗುಳಿಗೆಯನ್ನು ಅಮ್ಮ ನುಂಗಲಿಲ್ಲ. ತಲೆ ಭಾರವಾಗುತ್ತೆ ಅಂದಳು. ನಾನು ಜಗಳವಾಡಿದೆ, ಕೈಮುಗಿದೆ, ಏನೂ ನಡೆಯಲಿಲ್ಲ. ಹಾಗಾಗಿ ಉಳಿದದ್ದು ಮಾವನ ವೈದ್ಯ ಒಂದೇ.

ನನಗೆ ಆ ವೈದ್ಯದಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ನಾನು ಒಮ್ಮೆ ಡುಮ್ಕಿ ಹೊಡೆದು ಮತ್ತೆ ಪರೀಕ್ಷೆಗೆ ಕಟ್ಟಿದ್ದಾಗ ಮಾವ ನನಗೆ ದಿನಾ ಬಾದಾಮಿ ಹಣ್ಣು ತಿನ್ನಿಸಿದ್ದರು. ತಿಂದು ತಿಂದು ಕುತ್ತಿಗೆಯ ಮೇಲೆ ಕುರುಗಳೆದ್ದವು. ಫಲಿತಾಂಶ ನೋಡಿದರೆ ಹರಕು ಮುರುಕು ಪಾಸು. ಮಾವನ ಶಾಸ್ತ್ರ ಇದರಿಂದ ಅಲ್ಲಾಡಲಿಲ್ಲ. ಹಣ್ಣು ಎಲ್ಲಿಂದ ತಂದದ್ದು ಎಂದು ವಿಚಾರಣೆ ಮಾಡಿದರು. ಕೊನೆಯ ವಾರ ಅವರ ಮರದ ಹಣ್ಣು ಮುಗಿದು ಅಪ್ಪ ಸಂತೆಯಿಂದ ತಂದಿದ್ದರು.

"ಅಂಗಡಿಯೋನು ಏನಂತ ಕೂಗ್ತಿದ್ದ?"

"ಆಪೂಸ್ ಅಂತ" ಅಂದರು ಅಪ್ಪ.

"ಅಲ್ಲೇ ಕೆಟ್ಟಿದ್ದು. ಬೊಂಬಾಯಿ ಹೆಸರ ಇಕ್ಕಿ ಮಾರವ್ನೆ. ಆ ಹೆಸರಲ್ಲಿ ಬುದ್ಧಿ ಎಲ್ಲೈತೆ?"

ಎರಡೂ ಒಂದೇ ಹಣ್ಣು ಮಾವ ಎಂದು ನಾನು ಅಂದದ್ದಕ್ಕೆ, ಅದು ಒಂದೇ ಎಂದು ನಿನಗೆ ಅನ್ನಿಸುತ್ತಿರುವುದೇ ನೀನು ಆಪೂಸ್ ತಿಂದಿರುವುದಕ್ಕೆ ಸಾಕ್ಷಿ ಅಂದರು. ಇಂಥ ವೈದ್ಯರ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಇನ್ನು ಗಿಣಿಮೂತಿಯ ಮಹಿಮೆ ಅವರ ಹಳ್ಳಿಗೆಲ್ಲ ಗೊತ್ತು. ಪಕ್ಕದ ಮನೆಯ ಹುಡುಗಿಯನ್ನು ನೋಡಲು ಬೂದಿಗೆರೆ ಕಡೆಯಿಂದ ಗಂಡು ಬಂದಿದ್ದ. ಏನು ಕೇಳಿದರೂ ತಲೆ ಬಗ್ಗಿಸಿ ಕಾಫಿ ಲೋಟ ನೋಡುವನು. ಮೂಗನೋ ಏನೋ ಎಂದು ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಎದ್ದು ಹೋಗಿ ದೋರೆಗಾಯಿ ಗಿಣಿಮೂತಿಯನ್ನು ಸೀಳಿ, ಉಪ್ಪು ಖಾರ ಸವರಿ ತಂದು ಗಂಡಿನ ಮುಂದಿಟ್ಟರು. ಎರಡು ಹೋಳು ತಿಂದ ಗಂಡು ನಿಜವಾಗಿಯೂ ಬಾಯಿ ಬಿಟ್ಟ. ಬಿಟ್ಟು, ಸ್ಕೂಟರ್ ಕೇಳಿದ. ಸಂಬಂಧ ಅಲ್ಲಿಗೇ ನಿಂತಿತು. "ಹಣ್ಣು ತನ್ನ ಕೆಲ್ಸ ಮಾಡ್ತು. ಒಳಗಿರೋದು ಆಚೆಗೆ ಬರದೆ ಇದ್ದಿದ್ರೆ ಹುಡ್ಗಿ ಗತಿ?" ಎಂದು ಮಾವ ಆಮೇಲೆ ಎದೆಯುಬ್ಬಿಸಿ ಹೇಳುತ್ತಿದ್ದರು.

ಅಮ್ಮನ ಚಿಕಿತ್ಸೆ ರಸಪುರಿಯಿಂದ ಶುರುವಾಯಿತು. ರಕ್ತ ಕಡಿಮೆಯಾಗಿ ನಿದ್ದೆ ಬರುತ್ತಿಲ್ಲ ಎಂಬುದು ಮಾವನ ಮೊದಲ ರೋಗನಿದಾನ. ಬೆಳಗಿನ ಬಸ್ಸಿಗೆ ಬಂದು, ಹಣ್ಣುಗಳನ್ನು ತಣ್ಣೀರಿನ ಕೊಳದಪ್ಪಲೆಯಲ್ಲಿ ಮುಳುಗಿಸಿಟ್ಟು ಉಷ್ಣ ಇಳಿಸಿ, ತಾವೇ ಕೂತು ಹಿಂಡಿ, ಹಾಲು ಬೆಲ್ಲ ಏಲಕ್ಕಿ ಹಾಕಿ ಸೀಕರಣೆ ಮಾಡಿದರು. ನಾನು ಚಪಾತಿ ಲಟ್ಟಿಸಿದೆ. ಅಮ್ಮ ಅಣ್ಣನ ಮನಸ್ಸು ನೋಯಬಾರದೆಂದು ತಿಂದಳು. ನಾನು ಅವಳ ಮೂರರಷ್ಟು ತಿಂದೆ. ಆ ರಾತ್ರಿ ಗೊರಕೆ ಹೊಡೆದವರು ಮಾವ ಒಬ್ಬರೇ. ಬೆಳಿಗ್ಗೆ ತಂಗಿಯ ಕಣ್ಣು ನೋಡಿ ಚೀಲ ಮಡಚಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು.

ಮುಂದಿನ ವಾರ ಹಾಲಿನ ಜೊತೆ ಬಾದಾಮಿ. ತಲೆಗೆ ತಂಪಾದರೆ ನಿದ್ದೆ ತಾನಾಗಿ ಬರುತ್ತದೆ ಎಂದರು. ಬರಲಿಲ್ಲ. ಗೋಡೆಗೆ ಒರಗಿ ಕೂತ ಅಮ್ಮನನ್ನು ನೋಡಿ ತಮ್ಮ ತಪ್ಪು ಅವರಿಗೇ ಹೊಳೆಯಿತು. "ಬುದ್ಧೀಗೆ ಕೊಟ್ಟಿದ್ದೇ ತಪ್ಪಾಯ್ತು ಕಣಮ್ಮ. ಇದ್ದ ಯೋಚ್ನೆ ಇನ್ನೂ ಚುರುಕಾಗೋಯ್ತು" ಎಂದು ನನ್ನ ಹತ್ತಿರ ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಮಾವ ತಮ್ಮ ಹಣ್ಣಿನ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅದಾದ ಮೇಲೆ ಗಿಣಿಮೂತಿ. ದುಃಖ ಒಳಗೇ ಕಟ್ಟಿಕೊಂಡಿದೆ, ಅದು ಮಾತಾಗಿ ಹೊರಗೆ ಬಂದರೆ ನಿದ್ದೆಗೆ ಜಾಗವಾಗುತ್ತದೆ ಎಂಬುದು ಹೊಸ ನಿದಾನ. ಈಗ ಯೋಚಿಸಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹೋಳು ಮಾಡಿ ಉಪ್ಪು ಖಾರ ಹಚ್ಚಿ ಕೊಟ್ಟರು. ಅಮ್ಮ ಒಂದು ಹೋಳು ಕಚ್ಚಿದಳು, ಅವಳ ಕಣ್ಣಲ್ಲಿ ನೀರು ಬಂತು. ಮಾವ ನನ್ನ ಮೊಣಕೈ ಹಿಡಿದು ಅಮುಕಿದರು.

"ಅಳು ತಾಯಿ, ಅತ್ಬಿಡು. ತಡೀಬೇಡ" ಅಂದರು ತಂಗಿಗೆ.

"ಖಾರ ಅಣ್ಣಯ್ಯ" ಅಂದಳು ಅಮ್ಮ, ಮೂಗು ಒರೆಸಿಕೊಂಡು.

ಅಂದಿಗೆ ಮಾವನ ಕೊಂಬು ಮುರಿಯಿತು. ಅವರ ಹಳ್ಳಿಯಿಂದ ಬಂದವರೊಬ್ಬರು, ನಿಮ್ಮ ಮಾವ ಈಗ ಯಾರ ಹೊಟ್ಟೆಯನ್ನೂ ವಿಚಾರಿಸುತ್ತಿಲ್ಲ, ಹುಷಾರಾಗಿದ್ದಾರೆ ತಾನೆ ಎಂದು ನನ್ನನ್ನೇ ಕೇಳಿದರು. ಹೊಸಕೋಟೆಗೂ ಬರುವುದು ನಿಂತಿತು. ಮಾವಿನ ಕಾಲ ಮುಗಿಯುತ್ತಾ ಬಂತು, ತಳ್ಳುಗಾಡಿಗಳಲ್ಲಿ ಕೊನೆಗೆ ಉಳಿಯುವ ನೀಲಂ ಕಾಣಿಸಿಕೊಂಡಿತು. ಅಮ್ಮ ಇನ್ನೂ ಸೊರಗಿದ್ದಳು. ಸೀರೆಯ ನೆರಿಗೆಗಳು ಹೆಚ್ಚಾಗಿದ್ದವು.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಮಾವ ಮತ್ತೆ ಬಂದರು. ಚೀಲ ಇರಲಿಲ್ಲ. ಎರಡೂ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ್ದ ಏನನ್ನೋ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಸೂಲಿಬೆಲೆ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡಿದ್ದಾರೆಂದು ತಿಳಿದು ಯಾರೋ ಎದ್ದು ಸೀಟು ಬಿಟ್ಟುಕೊಟ್ಟರಂತೆ. ಇವರು ಬೇಡ ಎನ್ನಲಿಲ್ಲವಂತೆ. ಟವೆಲ್ಲು ಬಿಚ್ಚಿದರೆ ಒಂದೇ ಒಂದು ಹಣ್ಣು. ಗುಂಡಗೆ, ತೆಂಗಿನಕಾಯಿಯ ಗಾತ್ರ, ಹಣ್ಣಾಗಿದ್ದರೂ ಸಿಪ್ಪೆ ಹಸಿರು ಬಿಟ್ಟಿರಲಿಲ್ಲ. ಕೋಣೆಯೆಲ್ಲ ಘಮ್ಮೆಂದಿತು.

"ಮಲಗೋಬಾ" ಅಂದರು ಮಾವ. "ನಮ್ ಮರ ಎರಡ್ ವರ್ಷಕ್ಕೊಂದ್ಸಲ ಕಣ್ಬಿಡ್ತೈತೆ. ಈ ಸಲ ಬಿಟ್ಟಿದ್ದೇ ಇದೊಂದು. ಅಳಿಲು ಮುಟ್ದಂಗೆ ಕಾದಿದ್ದೀನಿ."

ಹಣ್ಣನ್ನು ತಟ್ಟೆಯಲ್ಲಿಟ್ಟು ಅಮ್ಮನ ಮುಂದೆ ನೆಲದ ಮೇಲೆ ಕೂತರು. ಮೊದಲಿನ ಜೋರು ಇರಲಿಲ್ಲ. ಇದು ಕೊನೆಯ ಔಷಧಿ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಹೆಸರೇ ಹೇಳ್ತೈತಲ್ಲ. ಮಲಗೋ, ಬಾ. ನಿದ್ದೆಗೇ ಅಂತ ಮಾಡಿರೋ ಹಣ್ಣು."

ತಿಂಗಳುಗಳ ಸುಸ್ತಿಗೋ ಏನೋ, ನನ್ನ ಬಾಯಿ ಸುಮ್ಮನಿರಲಿಲ್ಲ. "ಅದು ಗಂಡಸರಿಗಲ್ವಾ ಮಾವ? ಮಲಗೋ ಅನ್ನೋದು ಗಂಡುಮಕ್ಕಳಿಗೆ. ಅಮ್ಮನಿಗೆ ಮಲಗೇ ಬಾ ಅನ್ನೋ ಹಣ್ಣು ಬೇಕು, ಅದನ್ನ ಎಲ್ಲಿಂದ ತರ್ತೀರ?"

ಮಾವ ನನ್ನ ಕಡೆ ನೋಡಿದರು. ಸಿಟ್ಟು ಬರಬಹುದೆಂದುಕೊಂಡೆ. ಬರಲಿಲ್ಲ.

"ಇವಳಿಗೆ ನಾನು ಯಾವತ್ತೂ ಬಾರೇ ಹೋಗೇ ಅಂದೋನಲ್ಲ ಕಣಮ್ಮ" ಅಂದರು. "ನಮ್ಮವ್ವ ಹೋದಾಗ ಇವಳಿಗಿನ್ನೂ ಹಲ್ಲು ಬಂದಿರ್ಲಿಲ್ಲ. ಅಪ್ಪ ಬಾವಿ ಹತ್ರ ಕಪಿಲೆ ಹೊಡೆಯೋಕೆ ಹೋದ್ರೆ ಮನೇಲಿ ನಾವಿಬ್ರೇ. ಹಸೀ ಮಗೀಗೆ ಹೆಣ್ಣೇನು ಗಂಡೇನು, ಬಾರೋ ಉಣ್ಣೋ ಅಂತಾನೇ ಸಾಕಿದ್ದು. ಜೋಗುಳ ಹೇಳೋಕೆ ನಂಗೆಲ್ಲಿ ಬರ್ತಿತ್ತು? ತೊಡೆ ಮ್ಯಾಲೆ ಹಾಕ್ಕೊಂಡು ಮಲಗೋ ಬಾ, ಮಲಗೋ ಬಾ ಅಂತ ಅಷ್ಟೇ ಅಂತಿದ್ದೆ. ಅಷ್ಟಕ್ಕೇ ಮಲಗೋಳು ಪಾಪ."

ತಟ್ಟೆಯಲ್ಲಿದ್ದ ಹಣ್ಣನ್ನು ಒಮ್ಮೆ ತಿರುಗಿಸಿಟ್ಟು ಮತ್ತೆ ಹೇಳಿದರು. "ಇವಳು ಮದುವೆ ಆಗಿ ಹೊರಟ ವರ್ಷ ಕಸಿ ಗಿಡ ಮಾರೋನು ಬಂದಿದ್ದ. ಇದು ಫಲ ಕಮ್ಮಿ, ಬೇರೆ ತಗೊಳ್ಳಿ ಅಂದ. ಹೆಸರೇನು ಅಂದೆ. ಹೇಳ್ದ. ಮನೇಲಿ ಆ ಮಾತು ಕೇಳಿ ಆಗ್ಲೇ ಸುಮಾರು ದಿನ ಆಗಿತ್ತು. ಅದನ್ನೇ ತಗೊಂಡೆ."

ಎಷ್ಟು ವರ್ಷ ನಾವೆಲ್ಲ ಇವರ ಹೆಸರಿನ ಶಾಸ್ತ್ರಕ್ಕೆ ನಕ್ಕಿದ್ದೆವು! ಅದು ಎಲ್ಲಿಂದ ಹೊರಟದ್ದೆಂದು ಒಬ್ಬರೂ ಕೇಳಿರಲಿಲ್ಲ.

ಅಮ್ಮ ಹಣ್ಣನ್ನು ನೋಡುತ್ತಿರಲಿಲ್ಲ. ಅಣ್ಣನ ಮುಖ ನೋಡುತ್ತಿದ್ದಳು. ಮಾವ ಕೈ ಚಾಚಿ ಅವಳ ನೆತ್ತಿ ಮುಟ್ಟಿದರು.

"ಮಲಗೋ. ಬಾ."

"ನಾನು ಮಲಗಿದ್ರೆ ಬಾಗ್ಲು ತೆಗೆಯೋರ್ಯಾರು ಅಣ್ಣಯ್ಯ?" ಅಂದಳು ಅಮ್ಮ.

ಅಷ್ಟು ತಿಂಗಳಲ್ಲಿ ಅವಳು ಕಾರಣ ಹೇಳಿದ್ದು ಅದೊಂದೇ ಸಲ. ನನ್ನ ಅಪ್ಪ ಮದುವೆಯಾದಾಗಿನಿಂದ ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು ಎಂದು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದವರು. ಕಾರ್ಖಾನೆಯ ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸುತ್ತಿತ್ತು. ಅಕ್ಕಪಕ್ಕದವರಿಗೆ ಎಚ್ಚರವಾಗಬಾರದೆಂದು ಅವರು ಎಂದೂ ಚಿಲಕ ಬಡಿದವರಲ್ಲ. ಅಮ್ಮ ಗೋಡೆಗೆ ಒರಗಿ ಕೂತಿದ್ದು ಚಪ್ಪಲಿಯ ಸದ್ದಿಗೇ ಎದ್ದು ಬಾಗಿಲು ತೆಗೆಯುತ್ತಿದ್ದಳು. ನಿದ್ದೆ ಹೋದರೆ ಅವರು ಹೊರಗೆ ನಿಂತುಬಿಡುತ್ತಾರೆ. ಅಪ್ಪ ಸತ್ತಿರುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅವಳ ಕಿವಿಗೆ ಗೊತ್ತಿರಲಿಲ್ಲ.

ನಾನಾಗಿದ್ದರೆ, ಅಪ್ಪ ಇನ್ನೆಲ್ಲಿ ಬರ್ತಾರಮ್ಮ ಎಂದುಬಿಡುತ್ತಿದ್ದೆ. ಮಾವ ಹಾಗೆ ಹೇಳಲಿಲ್ಲ.

"ನಾನು ತೆಗೀತೀನಿ" ಅಂದರು. "ಬಾಗ್ಲಲ್ಲೇ ಕೂತಿರ್ತೀನಿ, ಎಲ್ಲೂ ಹೋಗಲ್ಲ. ನೀನು ಮಲಗೋ."

ಅಮ್ಮ ಅಲ್ಲೇ ಬರೀ ನೆಲದ ಮೇಲೆ, ಅವರ ಮೊಣಕಾಲಿನ ಪಕ್ಕ, ಸೆರಗನ್ನು ತಲೆಗೆ ಕೊಟ್ಟುಕೊಂಡು ಮಗ್ಗುಲಾದಳು. ಮಾವ ಅವಳ ಬೆನ್ನು ತಟ್ಟುತ್ತಾ ಮೆಲ್ಲಗೆ ಅದೇ ಎರಡು ಮಾತು ಹೇಳುತ್ತಿದ್ದರು. ಅವಳ ಉಸಿರು ನಿಧಾನವಾಯಿತು. ಬಾಯಿ ಸ್ವಲ್ಪ ತೆರೆಯಿತು. ನಿದ್ದೆ ಬಂದಿತ್ತು.

ಮುಂದೆ ಮಾವ ಇದನ್ನು ಊರೂರಲ್ಲಿ ಹೇಳಿಕೊಂಡು ತಿರುಗಿದ್ದು ನಿಜ. ಶಿವಗಂಗೆಗೆ ಹೋದಾಗ ಬೆಟ್ಟ ಹತ್ತುತ್ತಿದ್ದ ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದರು. ನಿದ್ದೆಗೆ ಮಲಗೋಬಾ, ನನ್ನ ತಂಗಿಗೆ ಒಂದೇ ಹಣ್ಣಿಗೆ ವಾಸಿಯಾಯಿತು ಎಂದು. ಆ ಮಧ್ಯಾಹ್ನ ಹಣ್ಣಿಗೆ ಚಾಕುವೇ ಸೋಕಿರಲಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಮೂವರೂ ಹಂಚಿಕೊಂಡು ತಿಂದೆವು. ಬಹಳ ರುಚಿಯಾಗಿತ್ತು.

ಆದರೆ ಅದು ಮಾರನೆಯ ದಿನದ ಮಾತು. ಆ ಮಧ್ಯಾಹ್ನ ಮಾವ ಸದ್ದಾಗದಂತೆ ಎದ್ದು ಹೋಗಿ ಹೊಸಿಲ ಪಕ್ಕ ಕೂತರು. ಪಕ್ಕದ ಮನೆಯವರು ಕರಿಬೇವು ಕೇಳಲು ಬಂದರೆ ತುಟಿಯ ಮೇಲೆ ಬೆರಳಿಟ್ಟು ವಾಪಸು ಕಳಿಸಿದರು. ಸೂಲಿಬೆಲೆಯ ಕೊನೆಯ ಬಸ್ಸಿನ ಹೊತ್ತು ಹತ್ತಿರವಾಯಿತು. ಊರಲ್ಲಿ ಹಾಲು ಕರೆಯುವವರು ಯಾರು ಎಂದು ನನಗೇ ಚಿಂತೆಯಾಗಿ, ಹತ್ತಿರ ಹೋಗಿ ಕೂತೆ.

"ಮಾವ, ನೀವು ಹೊರಡಿ. ನಾನು ಕೂತಿರ್ತೀನಿ" ಅಂದೆ.

"ತೆಗೀತೀನಿ ಅಂತ ಮಾತು ಕೊಟ್ಟಿದ್ದೀನಿ. ಅರ್ಧದಲ್ಲಿ ಎದ್ದೋದ್ರೆ ಆಯ್ತದಾ?" ಅಂದರು.

ಆಮೇಲೆ ನನ್ನ ಮುಖವನ್ನು ಬೆಳಕಿನ ಕಡೆ ತಿರುಗಿಸಿ, ರೋಗಿಗಳನ್ನು ನೋಡುವ ಹಾಗೆ ರೆಪ್ಪೆ ಎಳೆದು ನೋಡಿದರು. ಅಮ್ಮ ಗೋಡೆಗೆ ಒರಗಿ ಎಚ್ಚರವಿದ್ದ ಅಷ್ಟೂ ರಾತ್ರಿ, ಒಳಗಿನ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು, ಅವಳು ಉಸಿರಾಡುತ್ತಿದ್ದಾಳೆಯೇ ಎಂದು ಕೇಳುತ್ತಾ ಎಚ್ಚರವಿದ್ದವಳು ನಾನು. ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ.

"ನೀನೂ ಹೋಗಿ ಮಲಗೋ" ಅಂದರು ಮಾವ. "ಇಬ್ರಿಗೂ ನಾನೇ ಬಾಗ್ಲು ನೋಡ್ಕೊಂತೀನಿ."

ನಾನು ಎದ್ದು ಹೋಗಿ ಅಮ್ಮನ ಪಕ್ಕ ನೆಲದ ಮೇಲೆ ಮಲಗಿದೆ. ಅಲ್ಲಿಂದ ಬೆಳಗಾಗುವವರೆಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ.